ಸಮುದ್ರವಿಹಾರಕ್ಕೆ ಹಣ ಕಟ್ಟುವ ಮುನ್ನ

ನಮ್ಮ ಹಿರಿಯರ ಕಾಲದಲ್ಲಿ ಹಡಗನ್ನೇರುವುದೆಂದರೆ ಅದೊಂದು ದೊಡ್ಡ ಮಾತಾಗಿದ್ದಿತು. ವ್ಯಾಪಾರಕ್ಕಾಗಿಯೋ ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಕಡಲನ್ನು ದಾಟಲೇಬೇಕಾದವರು ಮಾತ್ರ ಅದರ ಮೆಟ್ಟಿಲನ್ನು ಹತ್ತುತ್ತಿದ್ದರು. ಆಚೆಯ ದಡವನ್ನು ಸೇರುವುದೇ ಅವರ ಗುರಿ. ನಡುವಣ ದಿನಗಳು ಹೇಗೋ ಕಳೆದರೆ ಸಾಕೆಂಬುದು ಅವರ ಬಯಕೆ. ಈಗಲಾದರೋ ಎಲ್ಲಿಗೂ ಹೋಗಿ ಸೇರುವ ಉದ್ದೇಶವಿಲ್ಲದೆ, ಹೊರಟ ಬಂದರಿಗೇ ಮರಳಿ ಬರುವುದಕ್ಕಾಗಿ ಜನರು ಹಣ ಕೊಟ್ಟು ಹಡಗನ್ನೇರುತ್ತಿರುವರು. ಇದಕ್ಕೆ ಕ್ರೂಜ್ ಎಂದು ಹೆಸರು. ನಾವು ಸಮುದ್ರವಿಹಾರವೆಂದು ಕರೆಯಬಹುದು. ನಮ್ಮ ನಗರಗಳ ಮಧ್ಯಮ ತರಗತಿಯ ಗೃಹಸ್ಥರಲ್ಲಿಯೂ ಈಚೆಗೆ ಇದರ ಆಸೆ ಹಬ್ಬುತ್ತಿರುವುದರಿಂದ, ನಾವು ಒಮ್ಮೆ ಹೋಗಿಬಂದು ಕಲಿತುದನ್ನು ಇಲ್ಲಿ ಬರೆದಿಟ್ಟರೆ ಕೆಲವರಿಗಾದರೂ ಉಪಕಾರವಾದೀತೆಂದು ಭಾವಿಸಿದ್ದೇವೆ. ನಾವು ಕಲಿತುದರಲ್ಲಿ ಹೆಚ್ಚಿನ ಭಾಗವು ತಪ್ಪು ಮಾಡಿ ಕಲಿತುದೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಈ ಪದ್ಧತಿಯು ತೀರ ಹೊಸತೇನೂ ಅಲ್ಲ. ೧೮೪೪ರಷ್ಟು ಹಿಂದೆಯೇ ಇಂಗ್ಲೆಂಡಿನ ಪಿ. ಅಂಡ್ ಓ. ಕಂಪೆನಿಯವರು ಮೆಡಿಟರೇನಿಯನ್ ಸಮುದ್ರದಲ್ಲಿ ವಿಹಾರಯಾತ್ರೆಗಳನ್ನು ಏರ್ಪಡಿಸಿದ್ದರು. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವ ಪ್ರಯಾಣಿಕರು ಕಡಮೆಯಾಗಿ ಹಡಗುಗಳು ಸುಮ್ಮನೆ ನಿಲ್ಲುವುದನ್ನು ಕಂಡು, ಜರ್ಮನಿಯ ಆಲ್ಬರ್ಟ್ ಬಾಲಿನ್ ಎಂಬವರು ೧೮೯೧ರಲ್ಲಿ ಆಗಸ್ಟಾ ವಿಕ್ಟೋರಿಯಾ ಎಂಬ ತಮ್ಮ ಹಡಗನ್ನು ಮೆಡಿಟರೇನಿಯನ್ ವಿಹಾರಕ್ಕೆ ಕಳುಹಿಸಿದರು. ವಿಹಾರಕ್ಕೆಂದೇ ಬೇರೆ ಹಡಗು ಕಟ್ಟಿದುದು ೧೯೦೦ರಲ್ಲಿ. ಅಂದಿನಿಂದ ಹಡಗುಗಳು ಬೆಳೆಯುತ್ತ ಬಂದು, ೨೦೨೪ರಲ್ಲಿ ಸಂಚಾರವನ್ನಾರಂಭಿಸಿದ ಐಕನ್ ಆಫ್ ದಿ ಸೀಸ್ ಎಂಬುದರಲ್ಲಿ ಕೋಣೆಗಿಬ್ಬರಂತೆ ಲೆಕ್ಕ ಹಾಕಿದರೂ ೫,೬೦೦ ಮಂದಿ ಪ್ರಯಾಣಿಕರಿಗೆ ಎಡೆಯುಂಟು. ನಮ್ಮ ಒಂದು ದೊಡ್ಡ ಗ್ರಾಮವೇ ನೀರಿನ ಮೇಲೆ ತೇಲಿದಂತೆ!

ನಾವು ಏರಿದ ಹಡಗು ಅಷ್ಟು ದೊಡ್ಡದಲ್ಲ. ೨೦೨೪ರ ಸೆಪ್ಟೆಂಬರಿನಲ್ಲಿ ನಾವಿಬ್ಬರು ದಂಪತಿಗಳೂ ೭೧ ವರ್ಷದ ತಾಯಿಯವರೂ ಗ್ರೀಸ್ ದೇಶದ ಪಿರೇಯಸ್ ಬಂದರಿನಿಂದ ಹೊರಟು ಈಜಿಯನ್ ಸಮುದ್ರದಲ್ಲಿ ಏಳು ದಿನಗಳ ಸುತ್ತನ್ನು ಸುತ್ತಿ ಬಂದೆವು. ಮಿಕೊನೊಸ್, ತುರ್ಕಿಯ ಕುಷಾದಸಿ, ರೋಡ್ಸ್, ಕ್ರೀಟ್ ದ್ವೀಪದ ಹೆರಾಕ್ಲಿಯಾನ್, ಕೊನೆಯಲ್ಲಿ ಸ್ಯಾಂಟೊರಿನಿ—ಇವು ನಮ್ಮ ಚೀಟಿಯಲ್ಲಿ ಅಚ್ಚಾಗಿದ್ದ ಊರುಗಳು. ರಾತ್ರಿಯೆಲ್ಲ ಹಡಗು ನಡೆಯುವುದು. ಬೆಳಗಾದರೆ ಹೊಸ ಊರು. ಗಂಟುಮೂಟೆಯನ್ನು ಮತ್ತೆ ಮತ್ತೆ ಕಟ್ಟಬೇಕಾದುದಿಲ್ಲ, ದಿನಕ್ಕೊಂದು ಛತ್ರವನ್ನು ಹುಡುಕಬೇಕಾದುದಿಲ್ಲ. ವಯಸ್ಸಾದವರಿಗೆ ಇದಕ್ಕಿಂತ ಸುಖವಾದ ಪ್ರಯಾಣವುಂಟೆ ಎಂದು ನಾವು ಎಣಿಸಿದೆವು. ಆ ಎಣಿಕೆಯು ಬಹುಮಟ್ಟಿಗೆ ಸರಿಯಾದುದೇ. ಅದರಲ್ಲಿ ಒಂದೇ ಒಂದು ಕೊರತೆಯಿದ್ದಿತು. ಅದನ್ನು ಅದರ ಸ್ಥಾನದಲ್ಲಿ ಹೇಳುವೆವು.

ಮೊದಲು ಹಣದ ಮಾತು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ಬೆಲೆಯು ಪ್ರಾಯಶಃ ಒಂದು ಕೋಣೆಯಲ್ಲಿ ಇಬ್ಬರು ಇರುವರೆಂದು ಊಹಿಸಿ ತಲೆಗೊಂದಕ್ಕೆ ಹಾಕಿದ ಬೆಲೆ. ಒಬ್ಬರೇ ಒಂದು ಕೋಣೆಯನ್ನು ಹಿಡಿದರೆ ಅನೇಕ ಕಡೆಗಳಲ್ಲಿ ಇಬ್ಬರ ಹಣವನ್ನೇ ತೆರಬೇಕಾಗುವುದು. ಬಂದರು ಸುಂಕಗಳನ್ನು ಕೆಲವರು ಆ ಬೆಲೆಯಲ್ಲಿ ಸೇರಿಸುವರು, ಕೆಲವರು ಸೇರಿಸರು. ಊಟ, ತಿಂಡಿ, ಕೋಣೆ, ಸಂಜೆಯ ಹಾಡು ಕುಣಿತಗಳು ಬೆಲೆಯಲ್ಲಿ ಸೇರಿರುವುದುಂಟು. ಪಾನೀಯಗಳು, ಇಂಟರ್‌ನೆಟ್ಟು, ಊರು ತೋರಿಸುವ ಬಸ್ಸು, ಬಟ್ಟೆ ಒಗೆಯುವಿಕೆ, ವೈದ್ಯರ ಸಂದರ್ಶನ ಇವು ಸಾಮಾನ್ಯವಾಗಿ ಬೇರೆ. ಇವಲ್ಲದೆ ಸೇವಕರ ಇನಾಮೆಂದು ಅನೇಕ ಹಡಗುಗಳಲ್ಲಿ ತಲೆಗೊಂದಕ್ಕೆ ದಿನಕ್ಕೆ ೧೦ರಿಂದ ೨೦ ಡಾಲರುಗಳವರೆಗೆ ತಾವಾಗಿಯೇ ಲೆಕ್ಕಕ್ಕೆ ಹತ್ತಿಸಿಬಿಡುವರು. ದಿನಕ್ಕೆ ೧೫ ಡಾಲರೆಂದು ಹಿಡಿದರೂ ಮೂವರಿಗೆ ಏಳು ದಿನಕ್ಕೆ ೩೧೫ ಡಾಲರಾಯಿತು. ಹಡಗಿನಲ್ಲಿ ನಗದಿನ ವ್ಯವಹಾರವಿಲ್ಲ. ಕೋಣೆಯ ಬೀಗದ ಕೈಯಾದ ಚೀಟಿಯನ್ನೇ ಎಲ್ಲೆಡೆಯೂ ತೋರಿಸುವುದು. ಕೈಯಿಂದ ನೋಟು ಜಾರದಿದ್ದಾಗ ಮನಸ್ಸಿಗೆ ಖರ್ಚಿನ ಅರಿವಾಗುವುದಿಲ್ಲ. ದಿನವೂ ರಾತ್ರಿ ಮಲಗುವ ಮುನ್ನ ಲೆಕ್ಕವನ್ನು ನೋಡಿಕೊಳ್ಳುವ ಮನೆಯೊಡತಿಯ ಅಭ್ಯಾಸವನ್ನು ಹಡಗಿನಲ್ಲಿಯೂ ಬಿಡಬಾರದು.

ಇಷ್ಟಕ್ಕೂ ಹಡಗಿನ ಬೆಲೆಯು ಪಿರೇಯಸ್‌ನಿಂದ ಆರಂಭವಾಗುವುದೇ ಹೊರತು ಬೆಂಗಳೂರಿನಿಂದಲ್ಲ. ವಿಮಾನದ ವೆಚ್ಚ, ವೀಸಾ, ವಿಮೆ ಇವನ್ನು ಕೂಡಿಸಿದ ಮೇಲೆಯೇ ಯಾತ್ರೆಯ ನಿಜವಾದ ಬೆಲೆ ತಿಳಿಯುವುದು. ಹಡಗು ಹೊರಡುವ ದಿನವೇ ವಿಮಾನದಿಂದಿಳಿದು ನೇರವಾಗಿ ಬಂದರಿಗೆ ಓಡುವೆವೆಂಬ ಸಾಹಸ ಬೇಡ. ವಿಮಾನವು ಕೆಲವು ಗಂಟೆ ತಡವಾದರೆ ಹಡಗು ಕಾಯುವುದಿಲ್ಲ, ಹಣವೂ ಮರಳುವುದಿಲ್ಲ. ಒಂದು ದಿನ ಮೊದಲೇ ಹೋಗಿ ತಂಗತಕ್ಕದ್ದು. ಅಥೆನ್ಸಿನ ವಿಮಾನ ನಿಲ್ದಾಣದಿಂದ ಪಿರೇಯಸ್‌ಗೆ ೨೦೨೨ರಿಂದ ಮೆಟ್ರೋ ರೈಲು ನೇರವಾಗಿ ಹೋಗುತ್ತಿರುವುದರಿಂದ ಈ ಭಾಗವು ಈಗ ಸುಲಭ. ೨೦೨೫ರ ಜುಲೈಯಿಂದ ಗ್ರೀಸ್ ಸರಕಾರದವರು ಹಡಗಿನ ಪ್ರಯಾಣಿಕರ ಮೇಲೆ ಒಂದು ಸುಂಕವನ್ನು ವಿಧಿಸಿರುವರು. ಬೇಸಗೆಯ ಜನಸಂದಣಿಯ ತಿಂಗಳುಗಳಲ್ಲಿ ಮಿಕೊನೊಸ್ ಮತ್ತು ಸ್ಯಾಂಟೊರಿನಿಗಳಲ್ಲಿ ಅದು ತಲೆಗೆ ೨೦ ಯೂರೋ. ಇದು ತಮ್ಮ ಚೀಟಿಯ ಬೆಲೆಯಲ್ಲಿ ಸೇರಿದೆಯೇ ಎಂದು ಕೇಳಿ ತಿಳಿಯಬೇಕು.

ಎರಡನೆಯದು ರಹದಾರಿಯ ಮಾತು. ಇದರಲ್ಲಿ ನಮ್ಮವರು ಮೋಸಹೋಗುವುದು ಬಹಳ. ಗ್ರೀಸು ಷೆಂಗೆನ್ ಒಪ್ಪಂದದ ದೇಶಗಳಲ್ಲೊಂದು. ಭಾರತೀಯರಿಗೆ ಅದರ ವೀಸಾ ಬೇಕು. ೨೦೨೪ರ ಜೂನಿನಿಂದ ಅದರ ಶುಲ್ಕ ವಯಸ್ಕರಿಗೆ ೯೦ ಯೂರೋ. ಆದರೆ ಕುಷಾದಸಿಯು ತುರ್ಕಿಯದು. ತುರ್ಕಿಯು ಆ ಒಪ್ಪಂದದ ಹೊರಗಿನದು. ಹಡಗು ಪಿರೇಯಸ್‌ನಿಂದ ಕುಷಾದಸಿಗೆ ಹೋದಾಗ ಪ್ರಯಾಣಿಕನು ಷೆಂಗೆನ್ ಸೀಮೆಯನ್ನು ಬಿಟ್ಟಂತೆ. ಮರುದಿನ ರೋಡ್ಸಿಗೆ ಬಂದಾಗ ಮತ್ತೆ ಒಳಹೊಕ್ಕಂತೆ. ಒಂದೇ ಸಲ ಪ್ರವೇಶಕ್ಕೆ ಅನುಮತಿಯಿರುವ ವೀಸಾವಿದ್ದರೆ ಇಲ್ಲಿ ಕುತ್ತು. ನಮ್ಮೊಡನೆ ಪಿರೇಯಸ್‌ಗೆ ಬಂದಿದ್ದ ಒಂದು ಕುಟುಂಬದ ಏಜಂಟನು ಇದನ್ನು ಅವರಿಗೆ ಹೇಳಿರಲಿಲ್ಲ. ಹಡಗಿನ ಮೆಟ್ಟಿಲಿನ ಬುಡದಲ್ಲಿ ಅವರ ರಹದಾರಿಯನ್ನು ನೋಡಿದ ಅಧಿಕಾರಿಯು ತಲೆಯಾಡಿಸಿದನು. ಇಬ್ಬರು ಮಕ್ಕಳು ಪೆಟ್ಟಿಗೆಗಳ ಮೇಲೆ ಕುಳಿತು ಹಡಗನ್ನು ನೋಡುತ್ತಿದ್ದುದು ನಮಗೆ ಇಂದಿಗೂ ಮರೆಯದು. ಆದಕಾರಣ, ಹಡಗು ಮುಟ್ಟುವ ಪ್ರತಿಯೊಂದು ದೇಶದ ಹೆಸರನ್ನೂ ಕ್ರಮವಾಗಿ ಬರೆದುಕೊಂಡು, ಒಂದೊಂದಕ್ಕೂ ಏನು ಬೇಕೆಂಬುದನ್ನು ಹಡಗಿನ ಕಂಪೆನಿಯಿಂದಲೇ ಬರವಣಿಗೆಯಲ್ಲಿ ಪಡೆಯತಕ್ಕದ್ದು. ಷೆಂಗೆನ್ ವೀಸಾವನ್ನು ಅನೇಕ ಪ್ರವೇಶಗಳಿಗೆ ಬೇಡತಕ್ಕದ್ದು. ಆ ಸೀಮೆಯನ್ನು ಬಿಡುವ ದಿನದಿಂದ ಮುಂದೆ ಮೂರು ತಿಂಗಳಾದರೂ ರಹದಾರಿಯ ಅವಧಿ ಉಳಿದಿರಬೇಕು. ವೀಸಾಕ್ಕೆ ೩೦,೦೦೦ ಯೂರೋಗಳ ವೈದ್ಯಕೀಯ ವಿಮೆ ಹೇಗೂ ಬೇಕಾಗುವುದು. ಅದು ಸಮುದ್ರದ ಮೇಲಿನ ಕಾಯಿಲೆಗೂ, ರೋಗಿಯನ್ನು ಹಡಗಿನಿಂದ ದಡಕ್ಕೆ ಸಾಗಿಸುವ ವೆಚ್ಚಕ್ಕೂ ಸಲ್ಲುವುದೆ ಎಂದು ಓದಿ ನೋಡಬೇಕು.

ಮೂರನೆಯದು ಕೋಣೆ. ಹಡಗಿನ ಕೋಣೆಗಳಲ್ಲಿ ಸ್ಥೂಲವಾಗಿ ನಾಲ್ಕು ತರಗತಿಗಳುಂಟು: ಕಿಟಕಿಯೇ ಇಲ್ಲದ ಒಳಗೋಣೆ, ತೆರೆಯಲಾಗದ ಗಾಜಿನ ಕಿಟಕಿಯಿರುವುದು, ಸಣ್ಣ ಜಗಲಿಯಿರುವುದು, ಶ್ರೀಮಂತರ ಬಿಡಾರ. ಹಗಲೆಲ್ಲ ಊರು ಸುತ್ತಿ ರಾತ್ರಿ ಮಲಗಲು ಮಾತ್ರ ಬರುವವರಿಗೆ ಒಳಗೋಣೆಯು ಸಾಕು. ಆದರೆ ದಿನದ ಬಹುಭಾಗವನ್ನು ಕೋಣೆಯಲ್ಲಿ ಕಳೆಯಬೇಕಾದ ವೃದ್ಧರೋ ಕೂಸಿನ ತಾಯಿಯೋ ಜೊತೆಗಿದ್ದರೆ ಬೆಳಕಿಗಾಗಿ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಕಿಟಕಿಯಿದೆಯೆಂದ ಮಾತ್ರಕ್ಕೆ ಸಮುದ್ರ ಕಾಣುವುದೆಂದು ನಂಬಬಾರದು. ಕೆಲವು ಕಿಟಕಿಗಳ ಮುಂದೆ ಪ್ರಾಣರಕ್ಷಕ ದೋಣಿಯೇ ತೂಗುತ್ತಿರುವುದು. ಕೋಣೆಯ ನೆತ್ತಿಯ ಮೇಲೆ ನೃತ್ಯಶಾಲೆಯಿದ್ದರೆ ನಿದ್ರೆಯ ಆಸೆಯನ್ನು ಬಿಡಬೇಕು. ಹಡಗಿನ ನಕ್ಷೆಯನ್ನು ಮುಂದಿಟ್ಟುಕೊಂಡು ಮೇಲೂ ಕೆಳಗೂ ಏನಿದೆಯೆಂದು ನೋಡಿ ಕೋಣೆಯನ್ನಾರಿಸುವುದು ಮೇಲು. ಕೋಣೆಯನ್ನು ಕಂಪೆನಿಯವರೇ ಆರಿಸುವರೆಂಬ ಕರಾರಿನಲ್ಲಿ ಬೆಲೆ ತಗ್ಗುವುದುಂಟು. ಆಮೇಲೆ ದೂರುವ ಹಕ್ಕೂ ಅದರೊಡನೆ ತಗ್ಗುವುದು.

ತಲೆಸುತ್ತುವ ಭಯವಿರುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆಯನ್ನು ಹಿಡಿಯಬೇಕು. ತೊಟ್ಟಿಲಿನ ತುದಿಗಳು ಹೆಚ್ಚು ತೂಗಿ ನಡುವು ಕಡಮೆ ತೂಗುವಂತೆ, ಹಡಗಿನ ಮೂತಿಯೂ ಬಾಲವೂ ಮೇಲಿನ ಅಂತಸ್ತುಗಳೂ ಹೆಚ್ಚು ಅಲುಗುವುವು. ಹೊಸ ಹಡಗುಗಳಿಗೆ ನೀರಿನೊಳಗೆ ಮೀನಿನ ರೆಕ್ಕೆಯಂತಹ ಸಾಧನಗಳಿದ್ದು ಹೊಯ್ದಾಟವನ್ನು ತಗ್ಗಿಸುವುವಾದರೂ ಪೂರ್ತಿಯಾಗಿ ನಿಲ್ಲಿಸಲಾರವು. ಔಷಧವನ್ನು ಸಂಕಟ ಬಂದ ಮೇಲಲ್ಲ, ಮೊದಲೇ ಸೇವಿಸಬೇಕು. ಬೇರೆ ಔಷಧಗಳನ್ನು ತೆಗೆದುಕೊಳ್ಳುತ್ತಿರುವವರು ತಮ್ಮ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಹಸಿಶುಂಠಿಯ ಚೂರು, ಬಯಲಿನ ಗಾಳಿ, ದಿಗಂತದ ಮೇಲೆ ದೃಷ್ಟಿ ಇವು ನಮ್ಮ ತಾಯಿಯವರಿಗೆ ಸಾಕಾದುವು.

ಅಲೆಯ ಮಾತು ಬಂದುದರಿಂದ ಗಾಳಿಯ ಮಾತನ್ನೂ ಹೇಳಬೇಕು. ಈಜಿಯನ್ ಸಮುದ್ರದಲ್ಲಿ ಬೇಸಗೆಯಲ್ಲಿ ಬಡಗಣದಿಂದ ಮೆಲ್ಟೆಮಿ ಎಂಬ ಒಣಗಾಳಿ ಬೀಸುವುದು. ಜುಲೈ ಆಗಸ್ಟುಗಳಲ್ಲಿ ಅದರ ಬಲ ಹೆಚ್ಚು. ಸೆಪ್ಟೆಂಬರಿನಲ್ಲಿಯೂ ಪೂರ್ತಿ ಅಡಗಿರುವುದಿಲ್ಲ. ಆಕಾಶ ನಿರ್ಮಲವಾಗಿರುವುದು, ಬಿಸಿಲು ಹೊಳೆಯುತ್ತಿರುವುದು, ಆದರೂ ಸಮುದ್ರ ಕುದಿಯುತ್ತಿರುವುದು. ನಮ್ಮ ಎರಡನೆಯ ಬೆಳಗ್ಗೆ ಮಿಕೊನೊಸ್‌ನ ಬಿಳಿಯ ಗಾಳಿಗಿರಣಿಗಳು ದೂರದಲ್ಲಿ ಕಂಡುವು. ಕಪ್ತಾನನು ಧ್ವನಿವರ್ಧಕದಲ್ಲಿ ಕ್ಷಮೆ ಬೇಡಿ ಹಡಗನ್ನು ತಿರುಗಿಸಿದನು. ಕೆಲವರು ಕೂಗಾಡಿದರು. ಆದರೆ ಚೀಟಿಯ ಕರಾರಿನಲ್ಲಿ, ಹವಾಮಾನದ ಕಾರಣದಿಂದ ಯಾವ ಊರನ್ನಾದರೂ ಬಿಡುವ ಹಕ್ಕು ಹಡಗಿನವರಿಗೆ ಇದೆಯೆಂದು ಬರೆದಿರುವುದು. ಆ ಬಂದರಿನ ಸುಂಕವಷ್ಟೇ ನಮಗೆ ಮರಳಿ ಬಂದಿತು. ಒಂದೇ ಊರಿಗಾಗಿ ಇಡೀ ಯಾತ್ರೆಯನ್ನು ಕೈಕೊಳ್ಳುವವರು ಹಡಗಿನಲ್ಲಿ ಹೋಗದೆ, ಆ ಊರಿಗೇ ನೇರವಾಗಿ ಹೋಗಿ ನಾಲ್ಕು ದಿನವಿರುವುದು ಬುದ್ಧಿವಂತಿಕೆ.

ಸಾಮಾನಿನ ವಿಷಯದಲ್ಲಿ ಗೃಹಿಣಿಯರಿಗೆ ಕೆಲವು ಮಾತುಗಳು. ಬಂದರಿನಲ್ಲಿ ಒಪ್ಪಿಸಿದ ಪೆಟ್ಟಿಗೆಯು ಕೋಣೆಗೆ ಬರುವಾಗ ಸಂಜೆಯಾಗಬಹುದು. ಆದಕಾರಣ ರಹದಾರಿ, ಔಷಧಗಳು, ಕನ್ನಡಕ, ಒಂದು ಜೊತೆ ಬಟ್ಟೆ ಇವು ಕೈಚೀಲದಲ್ಲಿಯೇ ಇರತಕ್ಕದ್ದು. ಕಡೆಯ ರಾತ್ರಿ ಪೆಟ್ಟಿಗೆಯನ್ನು ಬಾಗಿಲ ಹೊರಗಿಡಬೇಕು. ಮರುದಿನ ಉಡುವ ಬಟ್ಟೆಯನ್ನೂ ಅದರಲ್ಲಿಯೇ ತುಂಬಿ ಕಳುಹಿಸಿ ಪೇಚಾಡಿದವರನ್ನು ನಾವು ಬಲ್ಲೆವು. ಅವರು ಯಾರೆಂದು ಹೇಳಬೇಕಾದುದಿಲ್ಲ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ವಿದ್ಯುತ್ ಪಾತ್ರೆ, ಅನ್ನ ಮಾಡುವ ಕುಕ್ಕರು, ಊದುಬತ್ತಿ, ದೀಪ ಇವನ್ನು ಒಯ್ಯಬಾರದು. ನಡುಗಡಲಿನಲ್ಲಿ ಬೆಂಕಿಗಿಂತ ದೊಡ್ಡ ಶತ್ರುವಿಲ್ಲವಾದುದರಿಂದ ಹಡಗಿನವರು ಅವನ್ನು ತೆಗೆದಿಟ್ಟುಕೊಳ್ಳುವರು. ದೂರವಾಣಿಯನ್ನು ವಿಮಾನದಲ್ಲಿ ಇಡುವ ಸ್ಥಿತಿಯಲ್ಲಿಯೇ ಇಡಬೇಕು. ಇಲ್ಲವಾದರೆ ಅದು ಹಡಗಿನ ಉಪಗ್ರಹದ ಜಾಲವನ್ನು ತಾನಾಗಿಯೇ ಹಿಡಿದು, ಊರಿಗೆ ಮರಳಿದ ಮೇಲೆ ದೊಡ್ಡ ಬಿಲ್ಲಾಗಿ ಬರುವುದು.

ಶಾಕಾಹಾರಿಗಳು ಹಣ ಕಟ್ಟುವಾಗಲೇ ತಮ್ಮ ನಿಯಮವನ್ನು ಬರೆದು ತಿಳಿಸಬೇಕು. ಅವರ ಕಣ್ಣಿಗೆ ತರಕಾರಿಯ ಸಾರಾಗಿ ಕಾಣುವುದರಲ್ಲಿಯೂ ಮಾಂಸದ ರಸವಿರುವುದುಂಟು. ಮೊದಲೇ ತಿಳಿಸಿದ್ದರಿಂದ ನಮ್ಮ ಹಡಗಿನ ಬಾಣಸಿಗರಲ್ಲೊಬ್ಬನು ದಿನವೂ ಬೇಳೆ ಅನ್ನಗಳನ್ನು ಬೇಯಿಸಿಕೊಟ್ಟನು. ಊಟಕ್ಕೆ ಮುಂಚೆ ಸಾಬೂನು ನೀರುಗಳಿಂದ ಕೈ ತೊಳೆಯುವ ನಮ್ಮ ಹಳೆಯ ಪದ್ಧತಿಯು ಹಡಗಿನಲ್ಲಿ ಪ್ರಾಣಮಿತ್ರ. ಸಾವಿರಾರು ಜನ ಒಂದೇ ಸೌಟನ್ನು ಮುಟ್ಟುವಲ್ಲಿ ವಾಂತಿಭೇದಿಯನ್ನು ತರುವ ನೊರೋವೈರಸ್ ಬೇಗ ಹರಡುವುದು, ಕೈಗೆ ಹಚ್ಚುವ ಮದ್ಯಸಾರದ ಲೇಪಕ್ಕೆ ಅದು ಸುಲಭವಾಗಿ ಜಗ್ಗುವುದಿಲ್ಲ.

ಇನ್ನು ಅತಿಮುಖ್ಯವಾದ ಮಾತು. ಹಡಗನ್ನೇರಿದ ಕೂಡಲೇ ಅಪಾಯಕಾಲದ ಅಭ್ಯಾಸವೊಂದುಂಟು: ಏಳು ಗಿಡ್ಡ ಕೂಗು, ಒಂದು ಉದ್ದ ಕೂಗು ಕೇಳಿದರೆ ಯಾವ ಸ್ಥಳದಲ್ಲಿ ಸೇರಬೇಕು, ರಕ್ಷಾಕವಚವನ್ನು ಹೇಗೆ ತೊಡಬೇಕು ಎಂಬುದನ್ನು ಕಲಿಸುವರು. ಅದನ್ನು ಬೇಸರದ ಕೆಲಸವೆಂದು ತಪ್ಪಿಸಿಕೊಳ್ಳಲು ಯತ್ನಿಸುವವರು ಒಂದು ಕಥೆಯನ್ನು ತಿಳಿದಿರಬೇಕು. ೨೦೧೨ನೆಯ ಜನವರಿ ೧೩ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಬಂಡೆಗೆ ಬಡಿದು ವಾಲಿತು. ೪,೨೦೦ಕ್ಕೂ ಹೆಚ್ಚು ಜನರಿದ್ದ ಆ ಹಡಗಿನಲ್ಲಿ ೩೨ ಮಂದಿ ಮಡಿದರು. ಆಗಿನ ನಿಯಮದಂತೆ ಹತ್ತಿದ ೨೪ ಗಂಟೆಗಳೊಳಗೆ ಅಭ್ಯಾಸ ನಡೆದರೆ ಸಾಕಾಗಿದ್ದುದರಿಂದ, ಆ ದಿನ ಹತ್ತಿದ್ದ ನೂರಾರು ಜನರಿಗೆ ಅದು ಇನ್ನೂ ನಡೆದಿರಲಿಲ್ಲ. ೨೦೧೫ರ ಜನವರಿಯಿಂದ, ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಅದು ನಡೆಯಲೇಬೇಕೆಂದು ಅಂತರರಾಷ್ಟ್ರೀಯ ನಿಯಮವಾಯಿತು. ನಾವು ಹೋಗಲಿದ್ದ ಸ್ಯಾಂಟೊರಿನಿಯಲ್ಲಿಯೇ ೨೦೦೭ನೆಯ ಏಪ್ರಿಲ್ ೫ರಂದು ಸೀ ಡೈಮಂಡ್ ಎಂಬ ಹಡಗು ಬಂಡೆಗೆ ತಗಲಿ ಮರುದಿನ ಮುಳುಗಿತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಪಾರುಮಾಡಿದರೂ ಇಬ್ಬರ ಸುಳಿವು ದೊರೆಯಲೇ ಇಲ್ಲ. ಇಂತಹ ಅನಾಹುತಗಳು ವಿರಳ, ಹೆದರಬೇಕಾದುದಿಲ್ಲ. ಆದರೆ ಕೋಣೆಯಿಂದ ಸೇರುವ ಸ್ಥಳಕ್ಕೆ ಒಂದು ಸಲ ನಡೆದು ನೋಡುವುದಕ್ಕೆ ಹತ್ತು ನಿಮಿಷ ಸಾಕು. ತಾಯಿಯವರನ್ನು ಕೈಹಿಡಿದು ಕರೆದುಕೊಂಡು ಹೋಗಿ, ಲಿಫ್ಟಿಲ್ಲದೆ ಮೆಟ್ಟಿಲಿನ ಮೇಲೆಯೇ ಅಲ್ಲಿಗೆ ತಲುಪಬಲ್ಲರೆ ಎಂದು ನಾವು ನೋಡಿಕೊಂಡೆವು.

ಈಗ ಊರುಗಳ ವಿಚಾರ. ಒಂದೊಂದು ಊರಿನಲ್ಲಿ ಹಡಗು ನಿಲ್ಲುವುದು ಎಂಟು ಹತ್ತು ಗಂಟೆ. ಹತ್ತುವ ಇಳಿಯುವ ಹೊತ್ತನ್ನು ಕಳೆದರೆ ಐದಾರು ಗಂಟೆ ಉಳಿದೀತು. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೂ ಚಳಿಗಾಲದಲ್ಲಿ ಇಂತಹ ಹಡಗುಗಳು ಬರುವುದುಂಟು. ಅದರಿಂದ ಇಳಿದವರು ಬಸ್ಸಿನಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಕುದ್ರೋಳಿಯ ಗೋಕರ್ಣನಾಥನನ್ನೂ ನೋಡಿ ಸಂಜೆಗೆ ಹಡಗಿಗೆ ಮರಳುವರು. ಅವರು ಕಂಡ ತುಳುನಾಡು ಎಷ್ಟೋ, ನಾವು ಕಂಡ ಗ್ರೀಸೂ ಅಷ್ಟೇ. ಇದನ್ನು ಮೊದಲೇ ಅರಿತು, ಊರಿಗೊಂದೇ ವಸ್ತುವನ್ನು ನೋಡುವೆವೆಂದು ನಿಶ್ಚಯಿಸಿದರೆ ತೃಪ್ತಿಯುಂಟು. ಎಲ್ಲವನ್ನೂ ನೋಡುವೆವೆಂದರೆ ಆಯಾಸವೊಂದೇ ಉಳಿಯುವುದು.

ಕುಷಾದಸಿಯಿಂದ ಸುಮಾರು ೨೦ ಕಿಲೋಮೀಟರಿನಲ್ಲಿರುವ ಎಫೆಸಸ್ ನಗರದ ಅವಶೇಷಗಳನ್ನು ನೋಡಿದೆವು. ಮೇಲಣ ಬಾಗಿಲಿನಿಂದ ಕೆಳಕ್ಕೆ ಅಮೃತಶಿಲೆಯ ಬೀದಿಯಲ್ಲಿ ಇಳಿದುಬರಬೇಕು. ನೆರಳು ಕಡಮೆ, ಕಲ್ಲು ನುಣುಪು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಕಟ್ಟಿದ ಸೆಲ್ಸಸ್ ಗ್ರಂಥಾಲಯದ ಮುಂಭಾಗವನ್ನು, ಬಿದ್ದ ಕಲ್ಲುಗಳನ್ನು ಜೋಡಿಸಿ ೧೯೭೦ರ ದಶಕದಲ್ಲಿ ಮತ್ತೆ ನಿಲ್ಲಿಸಿರುವರು. ತಾಯಿಯವರು ನಮ್ಮ ಹಂಪೆಯನ್ನು ನೆನೆದು ಬಹು ಹೊತ್ತು ಅದರ ಮುಂದೆ ನಿಂತರು. ಆ ಸಂಜೆ ಅವರ ಮೊಣಕಾಲು ಊದಿಕೊಂಡಿತು.

ಅಂದೇ ಹಡಗು ಬಿಡುವ ಹೊತ್ತಿನಲ್ಲಿ ಇಬ್ಬರು ಪ್ರಯಾಣಿಕರು ಬಂದರುಕಟ್ಟೆಯ ಮೇಲೆ ಕೈಬೀಸುತ್ತ ಓಡಿಬಂದರು. ಮೆಟ್ಟಿಲನ್ನು ಆಗಲೇ ತೆಗೆದಾಗಿದ್ದಿತು. ಹಡಗಿನವರೇ ಏರ್ಪಡಿಸಿದ ಬಸ್ಸಿನಲ್ಲಿ ಹೋದವರಿಗಾಗಿ ಹಡಗು ಕಾಯುವುದು. ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಸ್ವಂತವಾಗಿ ಹೋದರೆ ಖರ್ಚು ಕಡಮೆಯೆಂಬುದು ನಿಜ. ಆದರೆ ಒಂದೂವರೆ ಗಂಟೆ ಮುಂಚಿತವಾಗಿ ಮರಳುವ ಶಿಸ್ತಿರಬೇಕು. ಗಡಿಯಾರವು ಹಡಗಿನ ಕಾಲವನ್ನು ತೋರಿಸುತ್ತಿರಬೇಕು, ಊರಿನ ಕಾಲವನ್ನಲ್ಲ. ಗ್ರೀಸಿನಲ್ಲಿ ಬೇಸಗೆಗೂ ಚಳಿಗಾಲಕ್ಕೂ ಕಾಲ ಬದಲಾಗುವುದು, ತುರ್ಕಿಯಲ್ಲಿ ಬದಲಾಗದು. ಬೇಸಗೆಯಲ್ಲಿ ಒಂದೇ ಆಗಿರುವ ಎರಡು ದೇಶಗಳ ಗಂಟೆಯು ಅಕ್ಟೋಬರದ ಕೊನೆಯ ಭಾನುವಾರದಿಂದ ಒಂದು ಗಂಟೆ ಬೇರೆಯಾಗುವುದು.

ಮರುದಿನ ರೋಡ್ಸ್. ಹಡಗು ಬಂದರುಕಟ್ಟೆಗೇ ತಗಲಿ ನಿಂತಿತು. ಎದುರಿಗೇ ಮಧ್ಯಯುಗದ ಕೋಟೆಗೋಡೆ. ಕೆಲವು ನಿಮಿಷ ನಡೆದರೆ ಊರಿನ ಬಾಗಿಲು. ಆದರೆ ತಾಯಿಯವರು ಇಳಿಯಲಿಲ್ಲ. “ಈ ಕಾಲನ್ನು ಸ್ಯಾಂಟೊರಿನಿಗೆ ಉಳಿಸಿಕೊಳ್ಳುತ್ತೇನೆ, ನೀವು ಹೋಗಿಬನ್ನಿ” ಎಂದರು. ಮನೆಯ ಅಡುಗೆಕೋಣೆಯ ಗೋಡೆಯ ಮೇಲೆ ಹಳೆಯದೊಂದು ಪಂಚಾಂಗದ ಚಿತ್ರವನ್ನು ಅವರು ಅನೇಕ ವರ್ಷಗಳಿಂದ ಹಾಗೆಯೇ ಇಟ್ಟಿದ್ದರು: ಕಡಿದಾದ ದರೆಯ ಮೇಲೆ ಸುಣ್ಣ ಬಳಿದ ಮನೆಗಳು, ನೀಲಿಯ ಗುಮ್ಮಟ, ಕೆಳಗೆ ನೀಲಿಯ ಕಡಲು. ಅದು ಸ್ಯಾಂಟೊರಿನಿಯೆಂದು ನಾವೇ ಅವರಿಗೆ ಹೇಳಿದ್ದೆವು. ಅದಕ್ಕಾಗಿಯೇ ಈ ಯಾತ್ರೆಯನ್ನಾರಿಸಿದ್ದೆವು. ಹೆರಾಕ್ಲಿಯಾನಿನಲ್ಲಿಯೂ ಅವರು ಇಳಿಯಲಿಲ್ಲ. ಆರ್ಥರ್ ಇವಾನ್ಸರು ೧೯೦೦ರಲ್ಲಿ ಅಗೆಯಲಾರಂಭಿಸಿದ ಕ್ನೋಸೋಸ್ ಅರಮನೆಯು ಅಲ್ಲಿಂದ ಐದು ಕಿಲೋಮೀಟರು ಮಾತ್ರ. ಬಾಗಿಲವರೆಗೆ ಬಸ್ಸು ಹೋಗುವುದು. ಆದರೂ ಅವರು ಹಡಗಿನ ಮೇಲೆಯೇ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡರು.

ಆರನೆಯ ದಿನ ಮಧ್ಯಾಹ್ನ ಸ್ಯಾಂಟೊರಿನಿ. ಇದು ಸಾಮಾನ್ಯ ದ್ವೀಪವಲ್ಲ. ಸುಮಾರು ೩,೬೦೦ ವರ್ಷಗಳ ಹಿಂದೆ ಜ್ವಾಲಾಮುಖಿಯು ಸಿಡಿದು ದ್ವೀಪದ ನಡುವು ಕುಸಿದು, ಅಲ್ಲಿ ಸಮುದ್ರವು ನುಗ್ಗಿತು. ಉಳಿದುದು ಬಳೆಯ ಚೂರಿನಂತಹ ನೆಲ, ಅದರ ಒಳ ಅಂಚಿನಲ್ಲಿ ಇನ್ನೂರು ಮೀಟರಿಗೂ ಮೇಲೇಳುವ ದರೆ. ಆ ದರೆಯ ನೆತ್ತಿಯ ಮೇಲೆ ಫಿರಾ ಊರು. ಕೆಳಗಿನ ನೀರು ಬಹಳ ಆಳ. ದೊಡ್ಡ ಹಡಗುಗಳು ತಗಲಿ ನಿಲ್ಲಲು ಫಿರಾದ ಕೆಳಗೆ ಕಟ್ಟೆಯಿಲ್ಲ. ಹಡಗು ನಡುನೀರಿನಲ್ಲಿಯೇ ನಿಲ್ಲುವುದು. ದ್ವೀಪದವರ ದೋಣಿಗಳು ಬಂದು ಜನರನ್ನು ಹಳೆಯ ಬಂದರಿಗೆ ಒಯ್ಯುವುವು. ಅಲ್ಲಿಂದ ಮೇಲಕ್ಕೆ ತೂಗುಬುಟ್ಟಿಯ ತಂತಿದಾರಿಯುಂಟು. ಇಲ್ಲವಾದರೆ ಸುಮಾರು ೬೦೦ ಮೆಟ್ಟಿಲು, ಅಥವಾ ಹೇಸರಗತ್ತೆಯ ಸವಾರಿ.

ಹಡಗಿನ ಹೊಟ್ಟೆಯ ಬಾಗಿಲಿನಲ್ಲಿ ನಾವು ಸರದಿಯಲ್ಲಿ ನಿಂತೆವು. ತಾಯಿಯವರು ಹೊಸ ಸೀರೆಯನ್ನುಟ್ಟಿದ್ದರು. ದೋಣಿಯು ಹಡಗಿನ ಪಕ್ಕದಲ್ಲಿ ಒಂದು ಗಳಿಗೆ ಮೇಲೇಳುವುದು, ಒಂದು ಗಳಿಗೆ ಮೊಣಕಾಲಿನಷ್ಟು ಕೆಳಗಿಳಿಯುವುದು. ಎರಡೂ ಸಮವಾದ ಕ್ಷಣದಲ್ಲಿ ದಾಟಬೇಕು. ಇಬ್ಬರು ನಾವಿಕರು ಕೈಚಾಚಿದರು. ತಾಯಿಯವರು ಒಂದು ಹೆಜ್ಜೆ ಇಟ್ಟು ಹಿಂದೆಗೆದರು, ಮತ್ತೆ ಇಟ್ಟರು, ಮತ್ತೆ ಹಿಂದೆಗೆದರು. ಅವರ ಕಾಲನ್ನು ನೋಡಿದ ಅಧಿಕಾರಿಯು ಮೃದುವಾಗಿ, ಆದರೆ ಖಂಡಿತವಾಗಿ, ಬೇಡವೆಂದನು. ಅವನು ಮಾಡಿದುದು ಸರಿ. ತಪ್ಪು ನಮ್ಮದು. ನಮ್ಮ ಚೀಟಿಯಲ್ಲಿ ಸ್ಯಾಂಟೊರಿನಿಯ ಹೆಸರಿನ ಪಕ್ಕದಲ್ಲಿ ಲಂಗರಿನ ಸಣ್ಣದೊಂದು ಗುರುತಿದ್ದಿತು. ಹಡಗು ಕಟ್ಟೆಗೆ ತಗಲದೆ ದೂರ ನಿಲ್ಲುವುದೆಂದು ಅದರ ಅರ್ಥ. ಆರು ತಿಂಗಳಿಂದ ಆ ಚೀಟಿಯು ನಮ್ಮ ಮೇಜಿನ ಮೇಲಿದ್ದಿತು. ಆ ಗುರುತನ್ನು ಅಲಂಕಾರವೆಂದುಕೊಂಡಿದ್ದೆವು.

ತಾಯಿಯವರ ಒತ್ತಾಯಕ್ಕೆ ನಾವಿಬ್ಬರು ಹೋಗಿ ಎರಡು ಗಂಟೆಯಲ್ಲಿ ಮರಳಿದೆವು. ಬೀದಿಗಳಲ್ಲಿ ಭುಜಕ್ಕೆ ಭುಜ ತಾಗುವ ಜನ. ತಂತಿದಾರಿಗೆ ಉದ್ದನೆಯ ಸಾಲು. ೨೦೨೫ರಿಂದ ಈ ದ್ವೀಪಕ್ಕೆ ಹಡಗಿನ ಪ್ರಯಾಣಿಕರು ದಿನಕ್ಕೆ ೮,೦೦೦ಕ್ಕೆ ಮೀರಬಾರದೆಂದು ಮಿತಿ ಮಾಡಿರುವುದಕ್ಕೆ ಕಾರಣವನ್ನು ನಾವು ಕಣ್ಣಾರೆ ಕಂಡೆವು. ನೀಲಿಯ ಗುಮ್ಮಟವನ್ನೂ ಕಂಡೆವು. ಅದರ ಚಿತ್ರ ತೆಗೆದುಕೊಳ್ಳಲು ಕೈ ಬರಲಿಲ್ಲ.

ಹಡಗಿಗೆ ಬಂದಾಗ ತಾಯಿಯವರು ಮೇಲಿನ ಅಂತಸ್ತಿನ ಕುರ್ಚಿಯಲ್ಲಿ ಕುಳಿತಿದ್ದರು. ದರೆಯ ಮೇಲೆ ದೀಪಗಳು ಹತ್ತುತ್ತಿದ್ದುವು. ನಾವು ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದಾಗ ಅವರೇ ಹೇಳಿದರು: “ಇಲ್ಲಿಂದಲೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಇಲ್ಲಿ ಇಳಿಯುವುದಕ್ಕಾಗದು ಎಂದು ಮೊದಲೇ ಗೊತ್ತಿದ್ದಿದ್ದರೆ, ಆ ಕೋಟೆಯ ಊರಿನಲ್ಲಿ ಇಳಿಯುತ್ತಿದ್ದೆನಲ್ಲ. ಕಾಲನ್ನು ಸುಮ್ಮನೆ ಉಳಿಸಿದ ಹಾಗಾಯಿತು.” ಅವರಿಗೆ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದುದನ್ನು ಹೇಳಿದರು, ಅಷ್ಟೇ. ಎರಡು ಊರುಗಳನ್ನು ಒಂದಕ್ಕಾಗಿ ಬಿಟ್ಟು, ಆ ಒಂದೂ ಅವರ ಕೈಗೆ ಬರಲಿಲ್ಲ.

ಆದಕಾರಣ ನಮ್ಮ ಹಿತವಚನವೆಲ್ಲ ಇದಿಷ್ಟೇ: ಸಮುದ್ರವಿಹಾರಕ್ಕೆ ಹಣ ಕಟ್ಟುವ ಮುನ್ನ, ಜೊತೆಗೆ ಬರುವವರಲ್ಲಿ ಅತ್ಯಂತ ದುರ್ಬಲರು ಯಾರೋ ಅವರ ಪರವಾಗಿ ಚೀಟಿಯನ್ನು ಓದಿರಿ. ಪ್ರತಿ ಊರಿನಲ್ಲಿಯೂ ಹಡಗು ಕಟ್ಟೆಗೆ ತಗಲುವುದೋ ದೂರ ನಿಲ್ಲುವುದೋ? ಇಳಿದ ಮೇಲೆ ನಡಿಗೆ ಎಷ್ಟು, ಮೆಟ್ಟಿಲೆಷ್ಟು? ಈ ಬೆಲೆಯಲ್ಲಿ ಸೇರದೆ ಉಳಿದಿರುವುದೇನೇನು? ವೀಸಾ ಎಷ್ಟು ಪ್ರವೇಶಗಳಿಗೆ? ಕಾಯಿಲೆಯಾದರೆ ಯಾರು ತೆರುವರು? ಊರನ್ನು ಬಿಟ್ಟುಬಿಟ್ಟರೆ ಏನು ಮರಳುವುದು? ಈ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಬಂದ ಮೇಲೆ ಹಣ ಕಟ್ಟಿರಿ. ಹಡಗಿನವರು ಕೇಳಿದರೆ ಹೇಳುತ್ತಾರೆ; ಕೇಳದೆ ಹೇಳುವುದು ಕಡಮೆ.

ಇಷ್ಟನ್ನು ವಿಚಾರಿಸಿ ಹೊರಟವರಿಗೆ ಹಡಗಿನ ಪ್ರಯಾಣವು ನಿಜವಾಗಿಯೂ ಸುಖಕರವಾದುದೇ. ನಸುಕಿನಲ್ಲಿ ಎದ್ದು ಹೊರಗೆ ಬಂದಾಗ ರಾತ್ರಿಯಿಲ್ಲದಿದ್ದ ಬೆಟ್ಟವೊಂದು ಕಣ್ಣಮುಂದೆ ನಿಂತಿರುವ ಸಂತೋಷವನ್ನು ಬೇರಾವ ವಾಹನವೂ ಕೊಡಲಾರದು. ನಾವು ಮತ್ತೊಮ್ಮೆ ಹೋಗುವ ವಿಚಾರದಲ್ಲ���ದ್ದೇವೆ. ಈ ಸಲ ಚೀಟಿಯನ್ನು ತಾಯಿಯವರ ಕೈಗೇ ಕೊಟ್ಟಿದ್ದೇವೆ. ಅವರು ಕನ್ನಡಕವನ್ನು ಹಾಕಿಕೊಂಡು ಮೊದಲು ಹುಡುಕಿದುದು ಲಂಗರಿನ ಗುರುತನ್ನು.